ಹುಳಕ್ಕೂ ಒಂದು ಪಾಲು

ಕರಾವಳಿಯ ಗುಡ್ಡೆಗಳಲ್ಲಿ ಕೇಪಳವನ್ನು ಯಾರೂ ನೆಟ್ಟದ್ದಲ್ಲ. ಮುರಕಲ್ಲಿನ ಸಂದಿಯಲ್ಲಿ, ಗೇರುಮರದ ಬುಡದಲ್ಲಿ, ತೋಟಕ್ಕಿಳಿಯುವ ದರೆಯ ಅಂಚಿನಲ್ಲಿ, ನಾಗಬನದ ಅರೆನೆರಳಿನಲ್ಲಿ ಅದು ತನ್ನಷ್ಟಕ್ಕೆ ಬೆಳೆದು ನಿಂತಿರುತ್ತಿತ್ತು. ತುಳುವಿನಲ್ಲಿ ಕೇಪುಳ, ಮಲೆನಾಡಿನ ಕೆಲವು ಕಡೆ ಗುಡ್ಡೆದಾಸವಾಳ, ಕಾಸರಗೋಡು ದಾಟಿ ತೆಂಕಕ್ಕೆ ಹೋದರೆ ತೆಚ್ಚಿ, ಚೆತ್ತಿ. ಆಳೆತ್ತರದ ಪೊದೆ. ತೊಟ್ಟೇ ಇಲ್ಲವೇನೋ ಎಂಬಂತೆ ಕೊಂಬೆಗೆ ಅಂಟಿಕೊಂಡು ಜೋಡಿಜೋಡಿಯಾಗಿ ಕೂತ ದಪ್ಪ ಎಲೆ, ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಕೆಂಪು ಹೂ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಬರೆಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ 'ಹೊರ್ತುಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಗಿಡದ ಚಿತ್ರವಿದೆ. ಆ ಗ್ರಂಥಕ್ಕೆ ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರು. 1753ರಲ್ಲಿ ಲಿನೇಯಸ್ ಇದಕ್ಕೆ ಇಕ್ಸೋರಾ ಎಂದು ಹೆಸರಿಟ್ಟ. ನರ್ಸರಿಯವರು ಇವತ್ತಿಗೂ ಆ ಹೆಸರಿನಲ್ಲೇ ಮಾರುವುದು.

ಹಿಂದೆ ಇದನ್ನು ಅಂಗಳದಲ್ಲಿ ಬೆಳೆಸಬೇಕೆಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಅಂಗಳ ಮುಗಿದಲ್ಲಿಂದ ಗುಡ್ಡೆ ಶುರುವಾಗುತ್ತಿತ್ತು. ದಕ್ಷಿಣ ಕನ್ನಡದವರಿಗೆ ಕುಮ್ಕಿ ಎಂದರೆ ಏನೆಂದು ಗೊತ್ತು: ವರ್ಗ ಜಮೀನಿನ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗ. ಅದು ಕೃಷಿಕನದ್ದಲ್ಲ, ಆದರೆ ಹಟ್ಟಿಗೆ ಸೊಪ್ಪು, ಒಲೆಗೆ ಕಟ್ಟಿಗೆ, ದನಕ್ಕೆ ಮೇವು ತರುವ ಹಕ್ಕು ಅವನಿಗಿತ್ತು. ಆ ಹಕ್ಕಿನಿಂದ ಗುಡ್ಡೆಗಳು ಸವೆದದ್ದೂ ಉಂಟು. ಆದರೂ ಸೊಪ್ಪು ಸವರುವ ಕತ್ತಿ ವರ್ಷಕ್ಕೊಮ್ಮೆ ಬಂದು ಹೋದರೆ ಕೇಪಳ ಬುಡದಿಂದ ಮತ್ತೆ ಚಿಗುರುತ್ತಿತ್ತು. ಕುಂಟಲ ಹಣ್ಣು, ಕರಂಡೆ, ಚೂರಿಮುಳ್ಳಿನ ಜೊತೆ ಅದೂ ಮಕ್ಕಳ ಬಾಯಿಗೆ ಸಿಗುತ್ತಿತ್ತು. ಹೂವನ್ನು ಕಿತ್ತು, ನಡುವಿನ ಎಳೆಯನ್ನು ಮೆಲ್ಲ ಹಿಂದಕ್ಕೆ ಎಳೆದರೆ ಅದರ ಬುಡದಲ್ಲಿ ಒಂದು ಹನಿ ಸಿಹಿ. ಶಾಲೆಗೆ ಗುಡ್ಡೆ ದಾಟಿ ಹೋದವರಿಗೆಲ್ಲ ಆ ಹನಿಯ ರುಚಿ ನೆನಪಿರುತ್ತದೆ.

ದೀಪಾವಳಿಯಲ್ಲಿ ತುಳುನಾಡಿನವರು ಬಲಿಯೇಂದ್ರನನ್ನು ಕೂಗಿ ಕರೆಯುತ್ತಾರೆ. ಹಾಲೆಮರದ ಕಂಬ ನೆಟ್ಟು, ಗುಡ್ಡೆಯ ಹೂಗಳನ್ನು ತಂದು ಸಿಂಗರಿಸುತ್ತಾರೆ. ಕಳೆದುಕೊಂಡ ತನ್ನ ಭೂಮಿಯನ್ನು ನೋಡಲು ವರ್ಷಕ್ಕೊಮ್ಮೆ ಬರುವ ಅರಸನಿಗೆ ಪೇಟೆಯ ಸೇವಂತಿಗೆ ಏರಿಸುವ ರೂಢಿ ಈಗೀಗ ಬಂದದ್ದು. ಅವನ ಭೂಮಿಯದ್ದೇ ಹೂ ಅವನಿಗೆ ಸಲ್ಲಬೇಕು ಎಂಬ ಹಿರಿಯರ ತಿಳಿವಳಿಕೆಯಲ್ಲಿ ನನಗೆ ದೊಡ್ಡ ಸೌಜನ್ಯ ಕಾಣುತ್ತದೆ. ಮೂರು ಹೆಜ್ಜೆಯಲ್ಲಿ ಹೋದ ಭೂಮಿಯ ಮೇಲೆ ಈಗ ಇರುವವರು ನಾವು. ಇದು ಮೊದಲು ಬೇರೆಯವರದ್ದಾಗಿತ್ತು ಎಂದು ವರ್ಷಕ್ಕೊಂದು ದಿನವಾದರೂ ಬಾಯಿಬಿಟ್ಟು ಹೇಳುವುದಕ್ಕೆ ಆ ಹಬ್ಬ ಇದೆ.

ಈಗ ಮನೆ ಕಟ್ಟುವುದೆಂದರೆ ಮೊದಲು ಜೆಸಿಬಿ ಬರುತ್ತದೆ. ಗುಡ್ಡೆಯನ್ನು ಸಪಾಟು ಮಾಡಿ, ಮಣ್ಣನ್ನು ತಗ್ಗಿಗೆ ತಳ್ಳಿ, ಐದು ಸೆಂಟ್ಸು ಹತ್ತು ಸೆಂಟ್ಸಿನ ಸೈಟು ಮಾಡುತ್ತಾರೆ. ಮೊದಲ ದಿನವೇ ಹೋಗುವುದು ಪೊದೆಗಳು. ಮರ ಕಡಿಯಲು ಇಲಾಖೆಯ ಪರವಾನಗಿ ಬೇಕಾಗುತ್ತದೆ, ಪೊದೆಗೆ ಯಾರ ಅಪ್ಪಣೆಯೂ ಬೇಡ. ಮನೆ ಎದ್ದು, ಕಂಪೌಂಡು ಗೋಡೆ ಎದ್ದು, ಗೃಹಪ್ರವೇಶದ ದಿನ ಹತ್ತಿರವಾದಾಗ ಅಂಗಳ ಬೋಳುಬೋಳಾಗಿದೆ ಎಂದು ಕಣ್ಣಿಗೆ ಹೊಡೆಯುತ್ತದೆ. ಆಗ ಪಿಕಪ್ಪಿನಲ್ಲಿ ಗಿಡಗಳು ಬರುತ್ತವೆ: ಚಿನ್ನದ ಬಣ್ಣದ ಡುರಾಂಟ, ಕ್ರೋಟನ್, ಅಕಲಿಫಾ, ಕುಳ್ಳಗೆ ಕತ್ತರಿಸಿದ ಫೈಕಸ್. ಅದೇ ಜಾಗದಲ್ಲಿ, ಯಾರ ಖರ್ಚೂ ಇಲ್ಲದೆ, ಬೇಸಿಗೆಗೆ ಒಂದು ಕೊಡ ನೀರೂ ಕೇಳದೆ ನಿಂತಿದ್ದ ನಿತ್ಯಹಸಿರಿನ ಗಿಡವನ್ನು ತೆಗೆದುಹಾಕಿ, ದಿನಾ ಪೈಪು ಹಿಡಿಯಬೇಕಾದ ಗಿಡಗಳನ್ನು ದುಡ್ಡು ಕೊಟ್ಟು ತರುತ್ತೇವೆ. ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇಲ್ಲ. ಇದ್ದದ್ದನ್ನು ನೋಡುವ ಅಭ್ಯಾಸ ತಪ್ಪಿದೆ, ಅಷ್ಟೆ. ಆದರೆ ಆ ಅಭ್ಯಾಸ ತಪ್ಪುವುದು ಸಣ್ಣ ಸಂಗತಿ ಎಂದು ನನಗನ್ನಿಸುವುದಿಲ್ಲ.

ಕೇಪಳವನ್ನು ಅಂಗಳಕ್ಕೆ ತಂದವರು ಮೊದಲು ಕಾಣುವುದು ಎಲೆಯ ಹಳದಿಯನ್ನು. ಗೋಡೆಗೆ ಒತ್ತಿ ನೆಟ್ಟ ಗಿಡದಲ್ಲಿ ಇದು ಹೆಚ್ಚು. ಹಳೆಯ ಎಲೆಗಳು ಹಸಿರಾಗಿಯೇ ಇರುತ್ತವೆ. ಹೊಸ ಎಲೆಗಳು ಬಿಳಿಚಿಕೊಂಡು ಹಳದಿಯಾಗುತ್ತವೆ, ನರಗಳಷ್ಟೇ ಹಸಿರು ಗೆರೆಗಳಾಗಿ ಉಳಿಯುತ್ತವೆ. ಇದು ಕಬ್ಬಿಣದ ಕೊರತೆ. ವಿಚಿತ್ರವೆಂದರೆ, ನಮ್ಮ ಕೆಂಪುಮಣ್ಣಿನ ಕೆಂಪೇ ಕಬ್ಬಿಣದ್ದು. 1807ರಲ್ಲಿ ಪ್ರಕಟವಾದ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು ಮಲಬಾರಿನ ಅಂಗಡಿಪುರದಲ್ಲಿ ಜನ ಅದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು, ಕಬ್ಬಿಣವನ್ನು ಬಿಟ್ಟುಹೋದ ಹುಳಿಮಣ್ಣು ಅದು. ಕೇಪಳದ ಬೇರು ಒಗ್ಗಿಕೊಂಡದ್ದು ಅಂಥ ಹುಳಿಗೆ. ಗೋಡೆಯ ಬುಡದಲ್ಲಿ ಸಿಮೆಂಟು, ಗಾರೆಯ ಚೂರು, ಕಾಂಕ್ರೀಟಿನ ಪುಡಿ ಬಿದ್ದು ಮಣ್ಣು ಕ್ಷಾರವಾದರೆ ಕಬ್ಬಿಣ ಅಲ್ಲೇ ಇರುತ್ತದೆ, ಬೇರಿಗೆ ಹೀರಿಕೊಳ್ಳಲು ಬರುವುದಿಲ್ಲ. ಸುತ್ತಲೂ ಕಬ್ಬಿಣ, ನಡುವೆ ಹಸಿದ ಗಿಡ. ಬೆಂಗಳೂರಿನ ಬೋರ್‌ವೆಲ್ಲಿನ ಗಡಸು ನೀರು ಕುಡಿದ ಇಕ್ಸೋರಾಗಳಿಗೂ ಆಗುವುದು ಇದೇ.

ಇದಕ್ಕೆ ಗೊಬ್ಬರದ ಅಂಗಡಿಯಲ್ಲಿ ಕಬ್ಬಿಣದ ಪೊಟ್ಟಣ ಸಿಗುತ್ತದೆ, ಎಲೆಗೆ ಸಿಂಪಡಿಸಿದರೆ ತಿಂಗಳೆರಡು ತಿಂಗಳು ಹಸಿರು ಬರುತ್ತದೆ. ಆದರೆ ಪರಿಹಾರ ಮಣ್ಣಿನಲ್ಲಿದೆ. ಗಾರೆಯ ಚೂರುಗಳನ್ನು ಹೆಕ್ಕಿ ತೆಗೆಯಬೇಕು, ಗೋಡೆಯಿಂದ ಒಂದು ಮೀಟರಾದರೂ ದೂರ ನೆಡಬೇಕು, ಬುಡಕ್ಕೆ ಕೊಳೆತ ತರಗೆಲೆ ತುಂಬಬೇಕು. ಒಲೆಯ ಬೂದಿ ಎಲ್ಲ ಗಿಡಕ್ಕೂ ಒಳ್ಳೆಯದೆಂದು ನಾವು ನಂಬಿದ್ದೇವೆ, ಇದಕ್ಕೆ ಅದು ಆಗದು, ಬೂದಿಯೂ ಕ್ಷಾರವೇ. ಗಾರೆ ಹೆಕ್ಕುವ ಕೆಲಸಕ್ಕೆ ಕೂತರೆ ಒಂದು ವಿಷಯ ಕೈಗೇ ತಿಳಿಯುತ್ತದೆ. ಮನೆಯೊಂದು ತಾನು ನಿಂತ ಮಣ್ಣನ್ನು ಎಷ್ಟು ದೂರದವರೆಗೆ ಬೇರೆ ಮಾಡಿಬಿಟ್ಟಿದೆ ಎಂಬುದು. ಊರಿನದ್ದೇ ಗಿಡ, ಊರಿನದ್ದೇ ಜಾಗ, ಆದರೂ ಅದಕ್ಕೆ ಅಲ್ಲಿ ಅನ್ನ ಹುಟ್ಟುತ್ತಿಲ್ಲ. ಹೊರಗಿನ ಗಿಡವಾದರೆ ಈ ಮಾತನ್ನು ಹೇಳುತ್ತಿರಲಿಲ್ಲ. ಅದಕ್ಕೆ ಮೊದಲಿನ ಮಣ್ಣು ಗೊತ್ತಿಲ್ಲ.

ಕತ್ತರಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೇಪಳ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಪೆಟ್ಟಿಗೆಯ ಆಕಾರಕ್ಕೆ ತಿಂಗಳು ತಿಂಗಳು ಕತ್ತರಿಸಿದರೆ ತುದಿಗಳೆಲ್ಲ ಹೋಗಿ ಹಸಿರು ಗೋಡೆ ಉಳಿಯುತ್ತದೆ, ಹೂ ಉಳಿಯುವುದಿಲ್ಲ. ಹೂವಿನ ದೊಡ್ಡ ಹೊರೆ ಮುಗಿದ ಮೇಲೆ, ಮಳೆಗೆ ಮುಂಚೆ, ಒಮ್ಮೆ ಹಗುರವಾಗಿ ಸವರಿದರೆ ಸಾಕು. ಉಳಿದಂತೆ ಅದು ಎತ್ತ ಚಾಚುತ್ತದೋ ಅತ್ತ ಬಿಡಬೇಕು. ದಾರಿಗೆ ಅಡ್ಡ ಬಂದರೆ ದಾರಿಯನ್ನು ಒಂದು ಗೇಣು ಸರಿಸಿದರಾಯಿತು.

ಗೊಂಚಲನ್ನು ಹತ್ತಿರದಿಂದ ನೋಡಿದವರು ಕಡಿಮೆ. ಬೆಳಿಗ್ಗೆ ಆಗತಾನೇ ಬಿಚ್ಚಿದ ಒಂದು ಹೂ ತೆಗೆದುಕೊಳ್ಳಿ. ಸೂಜಿಯಷ್ಟು ಸಣ್ಣ ಕೊಳವೆ, ಒಂದು ಇಂಚಿಗಿಂತಲೂ ಉದ್ದ. ಮೇಲೆ ನಾಲ್ಕು ಎಸಳು, ನಡುವಿನಿಂದ ಎದ್ದ ಒಂದು ತೆಳು ಕಡ್ಡಿ. ಆ ಕಡ್ಡಿಯ ತುದಿಯಲ್ಲಿ ಹಳದಿ ಪುಡಿ ಮೆತ್ತಿರುತ್ತದೆ. ಅದು ಪರಾಗ, ಆದರೆ ಕಡ್ಡಿಯೋ ಹೆಣ್ಣುಭಾಗ. ಹೂ ಇನ್ನೂ ಮೊಗ್ಗಾಗಿರುವಾಗಲೇ ಒಳಗಿನ ಕೇಸರಗಳು ಒಡೆದು ತಮ್ಮ ಪರಾಗವನ್ನು ಈ ಕಡ್ಡಿಗೆ ಒಪ್ಪಿಸಿರುತ್ತವೆ. ಮೊದಲು ಅದು ಗಂಡಿನ ಕೆಲಸ ಮಾಡುತ್ತದೆ, ಬಂದ ಚಿಟ್ಟೆಯ ಮುಖಕ್ಕೆ ಪುಡಿ ಬಳಿಯುತ್ತದೆ. ಪುಡಿ ಹೋದ ಮೇಲೆ ತುದಿ ಎರಡಾಗಿ ಸೀಳಿ ಬಾಗುತ್ತದೆ. ಈಗ ಅದು ಹೆಣ್ಣು, ಬೇರೆ ಗಿಡದ ಪುಡಿಗೆ ಕಾಯುತ್ತದೆ. ಒಂದೇ ಗೊಂಚಲಿನಲ್ಲಿ ನಿನ್ನೆಯವು ಸೀಳಿಕೊಂಡು ನಿಂತಿರುತ್ತವೆ, ಇಂದಿನವು ಪುಡಿ ಹೊತ್ತು ನಿಂತಿರುತ್ತವೆ. ಮೊದಲು ಕೊಡುವ ಕಾಲ, ಆಮೇಲೆ ಪಡೆಯುವ ಕಾಲ. ಈ ಕೊಳವೆಯ ತಳ ಮುಟ್ಟಲು ಉದ್ದನೆಯ ನಾಲಿಗೆ ಬೇಕು, ಅದಿರುವುದು ಚಿಟ್ಟೆಗಳಿಗೆ. ಜೇನುನೊಣ ಬಂದರೂ ತಳದ ಸಿಹಿ ಅದಕ್ಕೆ ದಕ್ಕುವುದಿಲ್ಲ.

ಕೇಪಳ ಕಾಫಿಯ ಕುಟುಂಬಕ್ಕೆ ಸೇರಿದ್ದು. ಕಾಯಿ ಹಣ್ಣಾಗಿ ಕೆಂಪಿನಿಂದ ಕಪ್ಪಿಗೆ ತಿರುಗಿದಾಗ ಒಡೆದರೆ ನಂಟು ಕಾಣುತ್ತದೆ. ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬಿದ ಎರಡು ಬೀಜ ಮುಖಾಮುಖಿ ಕೂತಿರುತ್ತವೆ. ತೆಳುವಾದ ತಿರುಳಿನಲ್ಲಿ ಸಿಹಿಯೂ ಒಗರೂ ಇದೆ. ಪಿಕಳಾರಗಳಿಗೆ ಅದು ಸಾಕು.

ಈಗ ನನಗೆ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಬರುವ ಹುಡುಗ ಒಮ್ಮೆ ಅಂಗಳದ ಕೇಪಳದ ಮುಂದೆ ನಿಂತು, "ಅಣ್ಣಾ, ಇದರ ಕುಡಿಯೆಲ್ಲ ಹುಳ ತಿಂದಿದೆ ನೋಡಿ. ಹೇಗೂ ಪಂಪು ಉಂಟು, ಇದಕ್ಕೂ ಒಂದು ಸುತ್ತು ಮದ್ದು ಬಿಡ್ತೇನೆ" ಎಂದ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಎಳೆ ಎಲೆಗಳು ಅಂಚಿನಿಂದ ಸವೆದಿದ್ದವು, ಕೆಲವಂತೂ ಅರ್ಧವೇ ಇರಲಿಲ್ಲ. "ಬೇಡ ಮಾರಾಯಾ, ಬಿಡು. ಅದು ಅದಕ್ಕಾಗಿಯೇ ಇರುವುದು" ಎಂದೆ. ಅವನು ನನ್ನನ್ನೂ ಗಿಡವನ್ನೂ ಒಮ್ಮೆ ನೋಡಿ, "ಅದಕ್ಕಾಗಿಯಾ?" ಎಂದು ಕೇಳಿದ. ಆ ಪ್ರಶ್ನೆಗೆ ಆಗ ಕೊಡಲು ಪುರುಸೊತ್ತಿಲ್ಲದ ಉತ್ತರವೇ ಈ ಬರಹ ಎಂದುಕೊಳ್ಳಬಹುದು.

ಆ ಕುಡಿಗಳನ್ನು ತಿಂದದ್ದು ಒಂದು ಸಣ್ಣ ಚಿಟ್ಟೆಯ ಹುಳ. ಇಂಗ್ಲಿಷಿನವರು ಅದಕ್ಕೆ ಮಂಕಿ ಪಜಲ್ ಎನ್ನುತ್ತಾರೆ, ವಿಜ್ಞಾನಿಗಳು ರತಿಂಡ ಅಮೋರ್ ಎನ್ನುತ್ತಾರೆ. ಹುಳವನ್ನು ಹುಡುಕುವುದೇ ಕಷ್ಟ. ಎಳೆ ಎಲೆಯದ್ದೇ ಹಸಿರು, ಮೈಮೇಲೆ ಮೊನಚು ಮೊನಚು ಉಬ್ಬು. ಚಿಟ್ಟೆಯಾದ ಮೇಲೆ ರೆಕ್ಕೆ ಬಿಚ್ಚಿದರೂ ಒಂದು ಇಂಚು ಚಿಲ್ಲರೆ ಅಗಲ. ರೆಕ್ಕೆಯ ಹಿಂಬದಿಯಲ್ಲಿ ನವಿರಾದ ಬಾಲಗಳು. ಎಲೆಯ ಮೇಲೆ ಇಳಿದ ಕೂಡಲೇ ಅದು ಗಿರಕ್ಕನೆ ಹಿಂದುಮುಂದಾಗಿ ತಿರುಗಿ ಕೂತು ಬಾಲಗಳನ್ನು ಆಡಿಸುತ್ತದೆ. ನೋಡಿದವರಿಗೆ ತಲೆ ಯಾವುದು, ಬಾಲ ಯಾವುದು ಎಂದು ತಿಳಿಯುವುದಿಲ್ಲ. ಕುಕ್ಕಲು ಬಂದ ಹಕ್ಕಿ ತಲೆಯೆಂದು ಬಾಲಕ್ಕೆ ಕುಕ್ಕಿದರೆ ಚಿಟ್ಟೆ ಒಂದು ಚೂರು ರೆಕ್ಕೆ ಕಳೆದುಕೊಂಡು ಜೀವ ಉಳಿಸಿಕೊಳ್ಳುತ್ತದೆ. ಈ ಚಿಟ್ಟೆ ಮೊಟ್ಟೆಯಿಡಲು ಆರಿಸಿಕೊಳ್ಳುವ ಗಿಡಗಳಲ್ಲಿ ಕೇಪಳ ಒಂದು. ಡುರಾಂಟದ ಬೇಲಿ ಎಷ್ಟೇ ಉದ್ದ ಇರಲಿ, ಇದರ ಸಂತಾನಕ್ಕೆ ಅಲ್ಲಿ ತುತ್ತು ಅನ್ನ ಇಲ್ಲ.

ಹುಳ ಬಂದರೆ ಹುಳ ತಿನ್ನುವವರು ಬರುತ್ತಾರೆ. ಟುವ್ವಿಹಕ್ಕಿ ದಿನಕ್ಕೆ ಹಲವು ಸಲ ಪೊದೆಯ ಒಳಹೊಕ್ಕು ಕೊಂಬೆ ಕೊಂಬೆ ತಡಕುತ್ತದೆ. ಚಗಳಿ ಎಲೆ ಸೇರಿಸಿ ಗೂಡು ಹೊಲಿಯುತ್ತದೆ. ಕಣಜ ಬರುತ್ತದೆ, ಜೇಡ ಬಲೆ ಕಟ್ಟುತ್ತದೆ. ಇವರೆಲ್ಲ ಬರುವುದಕ್ಕೆ ಬೇಕಾದ ಮೊದಲ ಅರ್ಹತೆ ಒಂದೇ, ಯಾರಾದರೂ ತಿನ್ನಬಹುದಾದ ಎಲೆ. ಪೊದೆಯ ಹಸಿರು ಬೇಸಿಗೆಯಲ್ಲೂ ಅಳಿಯದೆ ಇರುವುದರ ಬೆಲೆ ಇಲ್ಲಿ ತಿಳಿಯುತ್ತದೆ. ಕೇಪಳವೂ ಎಲೆ ಉದುರಿಸುತ್ತದೆ, ಆದರೆ ಹೊಸತು ಬಂದು ನಿಂತ ಮೇಲೆ ಹಳತನ್ನು ಒಂದೊಂದಾಗಿ ಬಿಡುತ್ತದೆ. ಏಪ್ರಿಲಿನಲ್ಲಿ ಗುಡ್ಡೆಯ ಹುಲ್ಲೆಲ್ಲ ಒಣಗಿ, ಎಷ್ಟೋ ಮರಗಳು ಬೋಳಾಗಿ ನಿಂತಾಗಲೂ ಇಲ್ಲಿ ನೆರಳಿದೆ, ಹೂವಿದೆ, ಅಡಗಲು ಜಾಗವಿದೆ.

ನರ್ಸರಿಯಲ್ಲಿ ಗಿಡ ಮಾರುವಾಗ ಹೆಚ್ಚಾಗಿ ಕೇಳುವ ಹೊಗಳಿಕೆ, "ಹುಳ ಬೀಳುವುದಿಲ್ಲ ಸಾರ್, ದನವೂ ಮುಟ್ಟುವುದಿಲ್ಲ." ಕೊಳ್ಳುವವರಿಗೂ ಅದು ದೊಡ್ಡ ಗುಣವೆಂದೇ ಕಾಣುತ್ತದೆ. ಈ ಗುಣವನ್ನು ಕೊನೆಯವರೆಗೆ ಎಳೆದುಕೊಂಡು ಹೋದರೆ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ಕಾಡುಗಳೇ ಸಾಕ್ಷಿ. ಲಂಟಾನ 19ನೇ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದದ್ದು ಉದ್ಯಾನದ ಅಲಂಕಾರಕ್ಕೆ, ಬಣ್ಣಬಣ್ಣದ ಹೂವಿನ ಬೇಲಿಗೆ. ಅದರ ಎಲೆ ದನಕ್ಕೆ ವಿಷ, ಜಿಂಕೆಗೂ ಬೇಡ. ಹಣ್ಣನ್ನು ಮಾತ್ರ ಹಕ್ಕಿಗಳು ತಿಂದು ಎಲ್ಲೆಡೆ ಬಿತ್ತಿದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಲ್ಲಿ ದೇಶದ ಹುಲಿ ನೆಲೆಗಳ ಶೇಕಡಾ 40ಕ್ಕೂ ಹೆಚ್ಚು ಭಾಗದಲ್ಲಿ ಅದು ಹರಡಿದೆ. ಬಂಡೀಪುರದ ರಸ್ತೆಯಲ್ಲಿ ಹೋದವರು ಎರಡೂ ಬದಿಯ ಆ ಹಸಿರನ್ನು ನೋಡಿ ಕಾಡು ಎಷ್ಟು ದಟ್ಟ ಎಂದು ಸಂತೋಷಪಡುತ್ತಾರೆ. ಹುಲ್ಲು ತಿನ್ನುವ ಪ್ರಾಣಿಗೆ ಅದು ಹಸಿರಾಗಿರುವ ಬರಗಾಲ. ಚಿಟ್ಟೆಗಳು ಲಂಟಾನದ ಹೂವಿಗೂ ಮುತ್ತುತ್ತವೆ, ನಿಜ. ಮಕರಂದ ಕುಡಿಯಲು ಎಲ್ಲ ಹೂವೂ ಆದೀತು, ಮಕ್ಕಳನ್ನು ಸಾಕಲು ಎಲ್ಲ ಎಲೆಯೂ ಆಗದು. ಗುಜರಾತ್ ಸರಕಾರ 2023ರಲ್ಲಿ ಕೊನೊಕಾರ್ಪಸ್ ನೆಡುವುದನ್ನು ನಿಷೇಧಿಸಿತು. ಬೇಗ ಬೆಳೆಯುತ್ತದೆ, ಸದಾ ಹಸಿರು, ರೋಗವಿಲ್ಲ ಎಂದು ಹಾಡಿ ಹೊಗಳಿ ರಸ್ತೆಯುದ್ದಕ್ಕೂ ನೆಟ್ಟ ಗಿಡ ಅದು.

ಹಾಗೆಂದು ಹೊರಗಿನದ್ದೆಲ್ಲ ಬೇಡ ಎಂಬುದು ನನ್ನ ಮಾತಲ್ಲ. ಗೇರು, ಪಪ್ಪಾಯಿ, ಅನಾನಸು, ಹಸಿಮೆಣಸು ಎಲ್ಲ ಪೋರ್ಚುಗೀಸರ ಹಡಗಿನಿಂದ ಇಳಿದವು. ಅವನ್ನು ಬಿಟ್ಟರೆ ನಮ್ಮ ಊಟವೂ ಇಲ್ಲ, ಗುಡ್ಡೆಯ ಆದಾಯವೂ ಇಲ್ಲ. ಇದಕ್ಕಿಂತ ಮುಖ್ಯವಾಗಿ, ಗಿಡದ ವಿಷಯದಲ್ಲಿ ಆಡುವ ಸ್ಥಳೀಯ, ಪರಕೀಯ ಎಂಬ ಮಾತನ್ನು ಮನುಷ್ಯರ ಮೇಲೆ ತಂದು ಹೊರಿಸುವವರನ್ನು ನಾನು ಖಂಡಿತ ಒಪ್ಪುವುದಿಲ್ಲ. ಎಲೆಯ ರಸಕ್ಕೂ ಹುಳದ ಹೊಟ್ಟೆಗೂ ಹೊಂದಾಣಿಕೆಯಾಗಲು ಸಾವಿರಾರು ವರ್ಷ ಹಿಡಿಯುತ್ತದೆ. ಮನುಷ್ಯನಿಗೆ ಹೊಸ ಊರಿನ ಭಾಷೆ ಕಲಿಯಲು, ನೆರೆಯವರ ಕಷ್ಟಕ್ಕೆ ಓಡಿ ಹೋಗಲು ಒಂದು ಮಳೆಗಾಲ ಸಾಕು. ಹುಟ್ಟಿದ ಊರಿನಲ್ಲೇ ಇದ್ದು ಯಾರ ಕೈಗೂ ಸಿಗದೆ ಬದುಕುವವರೂ ಇದ್ದಾರೆ. ಕೇಪಳ ಈ ಊರಿನದ್ದು ಎಂದು ನಾನು ಹೇಳುವಾಗ ಅದರ ಹುಟ್ಟನ್ನು ಹೇಳುತ್ತಿಲ್ಲ, ಅದು ಎಷ್ಟು ಜೀವಗಳ ಲೆಕ್ಕದಲ್ಲಿದೆ ಎಂಬುದನ್ನು ಹೇಳುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ಪಾಲು ಎತ್ತಿಡುವ ಪದ್ಧತಿ ಹಳೆಯದು. ಗೃಹಸ್ಥನಿಗೆ ಹೇಳಿದ ಐದು ಯಜ್ಞಗಳಲ್ಲಿ ಭೂತಯಜ್ಞ ಒಂದು: ಉಣ್ಣುವ ಮೊದಲು ಕಾಗೆಗೆ, ನಾಯಿಗೆ, ಇರುವೆಗೆ ಅನ್ನ ಇಡುವುದು. ದನಕ್ಕೆ ಗೋಗ್ರಾಸ, ಮನೆಗೆ ಬಂದ ಅತಿಥಿಗೆ ಎಲೆ. ಇದೆಲ್ಲ ದೊಡ್ಡ ಸಂಸ್ಕಾರ, ಅದನ್ನು ಮಾಡಿಕೊಂಡು ಬಂದವರ ಮೇಲೆ ನನಗೆ ಗೌರವವಿದೆ. ಆದರೆ ಅಲ್ಲಿ ಒಂದು ಅನುಕೂಲ ನಮ್ಮ ಕಡೆಗಿದೆ. ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದೆಲ್ಲ ಕೊಡುವವನ ಕೈಯಲ್ಲಿ. ಅನ್ನದ ಉಂಡೆ ಇಟ್ಟು ಬಾಗಿಲು ಹಾಕಿಕೊಂಡರೆ ಮುಗಿಯಿತು. ಕೇಪಳದ ಕುಡಿಯ ಮೇಲಿನ ಹುಳ ಕೊಟ್ಟದ್ದನ್ನು ತಿನ್ನುವುದಲ್ಲ. ತನಗೆ ಬೇಕಾದಾಗ, ಬೇಕಾದಷ್ಟು, ನಮಗೆ ಅತ್ಯಂತ ಚೆಂದ ಕಾಣುವ ಚಿಗುರನ್ನೇ ತಿನ್ನುತ್ತದೆ. ಕೊಡುವುದು ಕಲಿತರೆ ಬರುತ್ತದೆ. ತೆಗೆದುಕೊಂಡು ಹೋಗಲು ಬಿಡುವುದು ಅಷ್ಟು ಬೇಗ ಬರುವುದಿಲ್ಲ, ಅಲ್ಲಿ ನಮ್ಮ ದೊಡ್ಡತನಕ್ಕೆ ಏನೂ ಉಳಿಯುವುದಿಲ್ಲ. ಯಾರೂ ಕೃತಜ್ಞತೆ ಹೇಳುವುದಿಲ್ಲ, ಪುಣ್ಯದ ಲೆಕ್ಕಕ್ಕೂ ಬರುವುದಿಲ್ಲ. ಸವೆದ ಎಲೆಗಳ ಗಿಡ ಮನೆಯ ಮುಂದೆ ನಿಂತಿರುತ್ತದೆ, ಬಂದವರು "ಮದ್ದು ಬಿಡಲಿಲ್ಲವಾ?" ಎಂದು ಕೇಳುತ್ತಾರೆ.

ಮಕ್ಕಳನ್ನು ಬೆಳೆಸಿದವರಿಗೆ, ಮುಪ್ಪಾದ ತಂದೆತಾಯಿಯನ್ನು ನೋಡಿಕೊಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವರ ದಿನವೂ ಹೀಗೆಯೇ ಕುಡಿ ಕುಡಿಯಾಗಿ ಹೋಗಿದೆ, ದಾನವೆಂದು ಯಾರೂ ಅದನ್ನು ಕರೆದಿಲ್ಲ. ಹುಳ ತಿಂದು ಹೋದ ಮೇಲೆ ಕೇಪಳ ಮತ್ತೆ ಚಿಗುರುತ್ತದೆ. ಗಟ್ಟಿ ಬೇರಿನ ಗಿಡವನ್ನು ಈ ಹುಳ ಕೊಲ್ಲುವುದಿಲ್ಲ. ತುಂಬ ಎಳೆಯ ಸಸಿಯಾದರೆ ಮಾತು ಬೇರೆ, ಅದು ಕಾಲೂರುವವರೆಗೆ ಹುಳವನ್ನು ಕೈಯಿಂದ ಎತ್ತಿ ದೊಡ್ಡ ಗಿಡಕ್ಕೆ ಬಿಡಬಹುದು.

ಮನುಷ್ಯರ ಪಾಲೂ ಇದೆ. ಬೆಳಿಗ್ಗೆ ನೆರೆಮನೆಯ ಹಿರಿಯರೊಬ್ಬರು ಬುಟ್ಟಿ ಹಿಡಿದುಕೊಂಡು ಬರುತ್ತಾರೆ, ದೇವಿಯ ಪೂಜೆಗೆ ಕೆಂಪು ಹೂ ವಿಶೇಷ. ಕೈಗೆಟಕಿದ್ದನ್ನು ಕೊಯ್ದು, ಮೇಲಿನದ್ದನ್ನು ಹಾಗೇ ಬಿಡುತ್ತಾರೆ. ಬೇಸಿಗೆಯ ಮಧ್ಯಾಹ್ನಕ್ಕೆ ಕೇಪಳದ ತಂಬುಳಿ ನಮ್ಮ ಕಡೆಯ ಊಟದ ಸುಖಗಳಲ್ಲೊಂದು. ಬೊಗಸೆ ಹೂವನ್ನು ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆ, ಉಪ್ಪು ಬೆರೆಸುವುದು. ಹೊಟ್ಟೆ ಕೆಟ್ಟಾಗ ಇದರ ಹೂ, ಬೇರು ಮದ್ದಾಗುತ್ತದೆಂದು ಹಳಬರು ಬಳಸುತ್ತಿದ್ದರು. ಬೇರಿಗೆ ಕೈಹಾಕುವಾಗ ಒಂದು ಬದಿಯ ಎಳೆಬೇರನ್ನಷ್ಟೇ ತೆಗೆದು ಮಣ್ಣು ಮುಚ್ಚುವ ಎಚ್ಚರ ಅವರಲ್ಲಿತ್ತು. ಕಂಪೌಂಡಿನ ಹೊರಗೆ ಚಾಚಿದ ಕೊಂಬೆಯ ಹೂವನ್ನು ದಾರಿಹೋಕರು ಕಿತ್ತರೆ ಗದರಿಸುವ ಮನೆಗಳಿವೆ. ಹುಳಕ್ಕೆ ಪಾಲು ಬಿಟ್ಟವರು ಶಾಲೆಗೆ ಹೋಗುವ ಮಗುವಿಗೆ ಆ ಸಿಹಿಹನಿಯನ್ನು ಬೇಡ ಎನ್ನಲಾರರು.

ಗಿಡ ಬೇಕೆಂದು ಗುಡ್ಡೆಗೆ ಪಿಕಾಸಿ ಹಿಡಿದುಕೊಂಡು ಹೋಗುವವರಿಗೆ ಒಂದು ಮಾತು. ಮುರಕಲ್ಲಿನ ಬಿರುಕಿನಲ್ಲಿ ಇಳಿದ ತಾಯಿಬೇರು ಪೂರ್ತಿ ಬರುವುದಿಲ್ಲ, ಅಗೆದ ದೊಡ್ಡ ಗಿಡ ಬದುಕುವುದು ಅಪರೂಪ. ಉಳಿದ ಸ್ವಲ್ಪ ಗುಡ್ಡೆಯನ್ನು ಬರಿದು ಮಾಡಿ ಅಂಗಳ ತುಂಬಿಸುವುದು ಜೆಸಿಬಿ ಮಾಡಿದ ಕೆಲಸವನ್ನೇ ಕೈಯಲ್ಲಿ ಮುಂದುವರಿಸಿದ ಹಾಗೆ. ಜೂನಿನ ಮಳೆ ಹಿಡಿದ ಮೇಲೆ ಪೆನ್ಸಿಲಿನಷ್ಟು ದಪ್ಪದ, ಅರೆಬಲಿತ ಕೊಂಬೆಯನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಲ್ಲಿ ಊರಿದರೆ ಮಳೆಗಾಲ ಮುಗಿಯುವುದರೊಳಗೆ ಬೇರು ಬರುತ್ತದೆ. ಎಲ್ಲವೂ ಬರುವುದಿಲ್ಲ, ಹಾಗಾಗಿ ನಾಲ್ಕೈದು ಊರಬೇಕು. ಬೀಜದಿಂದಲೂ ಆಗುತ್ತದೆ, ಕಪ್ಪಾದ ಹಣ್ಣಿನ ಬೀಜವನ್ನು ಒಣಗಿಸದೆ ಕೂಡಲೇ ಹಾಕಬೇಕು, ಹೂ ಕಾಣಲು ಕೆಲವು ವರ್ಷ ಕಾಯಬೇಕು. ಒಂದೇ ಗಿಡದ ಕೊಂಬೆಗಳನ್ನು ಊರೆಲ್ಲ ಹಂಚಿದರೆ ಎಲ್ಲ ಅಂಗಳದಲ್ಲೂ ಒಂದೇ ಗಿಡ ಇದ್ದಂತೆ. ಬೀಜದ ಸಸಿಗಳಲ್ಲಿ ಗುಡ್ಡೆಯ ವೈವಿಧ್ಯ ಉಳಿಯುತ್ತದೆ. ತಾಳ್ಮೆ ಇರುವವರು ಬೀಜವನ್ನೇ ಆರಿಸಿಕೊಳ್ಳಲಿ ಎಂದು ನನ್ನ ಆಸೆ.

ಇಷ್ಟೆಲ್ಲ ಹೇಳಿದ ಮೇಲೂ, ಅಂಗಳದ ಒಂದು ಪೊದೆ ಗುಡ್ಡೆಯ ಜಾಗ ತುಂಬಲಾರದು. ನಮ್ಮ ರಾಜ್ಯದ ಚಿಟ್ಟೆಯೆಂದು ಘೋಷಿಸಿರುವ ಸದರ್ನ್ ಬರ್ಡ್‌ವಿಂಗ್ ಕೇಪಳದ ಗೊಂಚಲಿಗೆ ಬರುತ್ತದೆ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್, ಕಪ್ಪು ಮತ್ತು ಹಳದಿ. ದೇಶದ ಅತಿ ದೊಡ್ಡ ಚಿಟ್ಟೆಗಳಲ್ಲೊಂದು ಹೂವಿನ ಮೇಲೆ ಪೂರ್ತಿ ಕೂರದೆ, ಮುಂದಿನ ರೆಕ್ಕೆಗಳನ್ನು ಬಡಿಯುತ್ತಲೇ ಕುಡಿದು ಹೋಗುವುದನ್ನು ನೋಡಲು ಮನೆಮಂದಿಯೆಲ್ಲ ಕೆಲಸ ಬಿಟ್ಟು ಹೊರಗೆ ಬರುತ್ತಾರೆ. ಆದರೆ ಅದು ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ನಂಟಿನ ಕೆಲವು ಗಿಡಗಳ ಮೇಲೆ. ಆ ಬಳ್ಳಿ ಇದ್ದ ಬೇಲಿಗಳು ಹೋದವು. ಬೇರಿಗೆ ಮದ್ದಿನ ಗುಣವಿದೆ ಎಂದು ಕಿತ್ತು ಕಿತ್ತು ಗುಡ್ಡೆಯಲ್ಲೂ ಅಪರೂಪವಾಗಿದೆ. ನಮ್ಮ ಅಂಗಳಕ್ಕೆ ಬರುವ ಚಿಟ್ಟೆ ಹುಟ್ಟಿದ್ದು ಬೇರೆ ಎಲ್ಲೋ, ಯಾರೋ ಕಡಿಯದೆ ಬಿಟ್ಟ ಕಾಡಿನ ಅಂಚಿನಲ್ಲಿ. ಆ ಅಂಚು ಉಳಿಯುವವರೆಗೆ ಮಾತ್ರ ನಮ್ಮ ಹೂವಿಗೆ ಅದು ಬರುತ್ತದೆ. ಪಂಚಾಯತಿನ ಸಭೆಯಲ್ಲಿ ಗುಡ್ಡೆ ಸಪಾಟು ಮಾಡುವ ಪ್ರಸ್ತಾವ ಬಂದಾಗ ಎದ್ದು ನಿಂತು ಒಂದು ಮಾತು ಕೇಳುವುದೂ ಕೇಪಳದ ಬುಡಕ್ಕೆ ತರಗೆಲೆ ತುಂಬಿದಷ್ಟೇ ಅಗತ್ಯದ ತೋಟಗಾರಿಕೆ.

ಈಶ್ವರಿ ಬಳ್ಳಿಯ ಕಾಯಿ ಒಣಗಿದಾಗ ಸಣ್ಣ ತೊಟ್ಟಿಲಂತೆ ಬಿರಿದು ತೂಗುತ್ತದೆ, ಒಳಗೆ ಚಪ್ಪಟೆ ಬೀಜಗಳು ಒಂದರ ಮೇಲೊಂದು. ದೂರದ ನೆಂಟರ ಬೇಲಿಯಲ್ಲಿ ಒಂದು ಬಳ್ಳಿ ಉಳಿದಿದೆ. ಈ ವರ್ಷದ ಕಾಯಿ ಬಿರಿಯುವ ಮೊದಲು ತಿಳಿಸಲು ಅವರಿಗೆ ಹೇಳಿಟ್ಟಿದ್ದೇನೆ, ಕೇಪಳದ ಪಕ್ಕದಲ್ಲಿ ಹಬ್ಬಲು ಒಂದು ಚಪ್ಪರಕ್ಕೆ ಅಡಿಕೆಯ ಸಲಕೆಗಳನ್ನು ಸೀಳಿಸಿಯೂ ಆಗಿದೆ.